ಅಕ್ಕ ಉಳಿಸಿದ ಬೆಲೆ

ಆ ಬೀದಿಯವರಿಗೆ ಮಳೆಗಾಲ ಬರುವ ಸುದ್ದಿ ಮೋಡಕ್ಕಿಂತ ಮೊದಲು ಅಕ್ಕನ ಏಣಿಯಿಂದ ಗೊತ್ತಾಗುತ್ತಿತ್ತು. ಬಿಸಿಲು ಇನ್ನೂ ನೆತ್ತಿ ಸುಡುತ್ತಿರುವಾಗಲೇ ಅವಳು ಸೆರಗನ್ನು ಸೊಂಟಕ್ಕೆ ಬಿಗಿದು, ಏಣಿಯನ್ನು ಗೋಡೆಗೆ ಒರಗಿಸಿ, ಒಂದು ಕಬ್ಬಿಣದ ಸರಳು, ಒಂದು ಬಕೆಟ್ಟು ಹಿಡಿದು ತಾರಸಿಗೆ ಹತ್ತುತ್ತಿದ್ದಳು. ನೀರು ಇಳಿಯುವ ಕೊಳವೆಯ ಬಾಯಲ್ಲಿ ಸೇರಿಕೊಂಡ ಎಲೆ, ಕಾಗೆ ತಂದುಹಾಕಿದ ತಂತಿ, ಎದುರುಮನೆ ಮಕ್ಕಳ ಒಡೆದ ಚೆಂಡು ಎಲ್ಲವನ್ನೂ ಕೆದಕಿ ತೆಗೆಯುತ್ತಿದ್ದಳು. ಕೂದಲೆಳೆಯಷ್ಟು ಬಿರುಕು ಕಂಡರೂ ಸಿಮೆಂಟಿನ ಹಾಲು ಹೊಯ್ಯುತ್ತಿದ್ದಳು. ಆಮೇಲೆ ಒಂದು ಕೊಡ ನೀರು ಸುರಿದು, ಅದು ಯಾವ ಕಡೆ ಹರಿಯುತ್ತದೆಂದು ಕುಕ್ಕರುಗಾಲಲ್ಲಿ ಕೂತು ನೋಡುತ್ತಿದ್ದಳು. ನೀರು ದಾರಿ ತಪ್ಪದೆ ಕೊಳವೆಗೆ ಇಳಿದರೆ ಅವಳ ಮುಖ ಅರಳುತ್ತಿತ್ತು. ಉಳಿದ ಹೊತ್ತಿನಲ್ಲಿ ಆ ಮುಖ ಅರಳಿದ್ದನ್ನು ಕಂಡವರು ಕಡಿಮೆ.

ಒಡಹುಟ್ಟಿದವರು ಒಬ್ಬ ತಮ್ಮ, ಒಬ್ಬಳು ತಂಗಿ ಅಷ್ಟೇ. ಆದರೂ ಹಾಲಿನವನಿಂದ ಹಿಡಿದು ಕರೆಂಟಿನವನ ತನಕ ಎಲ್ಲರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ದೊಡ್ಡಾಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಅವಳ ಕೆಲಸ. ಒಗೆದು ಬಂದ ಹಾಸು, ದಿಂಬಿನ ಚೀಲ, ಡಾಕ್ಟರುಗಳ ಹಸಿರು ನಿಲುವಂಗಿಗಳನ್ನು ಬೆಳಕಿಗೆ ಹಿಡಿದು ನೋಡುವುದು, ಹರಿದದ್ದನ್ನು ಅಲ್ಲೇ ಮಿಷಿನ್ನಿಗೆ ಕೊಟ್ಟು ಹೊಲಿಯುವುದು, ಹೊಲಿದರೂ ಬಾಳದ್ದನ್ನು ಒರೆಸುವ ಬಟ್ಟೆಗೆ ಕತ್ತರಿಸುವುದು. "ಉಗುರಲ್ಲಿ ಹೋಗೋದಕ್ಕೆ ಕೊಡಲಿ ಬರೋ ತನಕ ಕಾಯಬೇಡಿ" ಎಂದು ಕೈಕೆಳಗಿನ ಹೆಂಗಸರಿಗೆ ಹೇಳಿ ಹೇಳಿ, ಕೊನೆಗೆ ಅವರೆಲ್ಲ ಬೆನ್ನ ಹಿಂದೆ ಅವಳಿಗೆ 'ಕೊಡಲಿ' ಎಂದೇ ಹೆಸರಿಟ್ಟಿದ್ದರು. ಅದು ಅವಳ ಕಿವಿಗೂ ಬಿದ್ದಿತ್ತು. "ಕೊಡಲಿ ಅಂತ ಕರೆಯೋರು ಮೊದಲು ಸೂಜಿ ಹಿಡಿಯೋದು ಕಲೀರಿ" ಎಂದಿದ್ದಳು.

ಮನೆ ಅಪ್ಪ ಕಟ್ಟಿಸಿದ್ದು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಅಪ್ಪ, ಡಿಪೋದ ಹಿಂದಿನ ಬೀದಿಯಲ್ಲಿ ಒಂದು ಹಜಾರ, ಎರಡು ಕೋಣೆ, ಅಡುಗೆಮನೆ, ಮುಂದೆ ಪುಟ್ಟದೊಂದು ಜಗಲಿ ಎಬ್ಬಿಸಿದ್ದ. ಅಮ್ಮ ಹೋದ ಮೇಲೆ ಅಪ್ಪ ಹಾಸಿಗೆ ಹಿಡಿದ. ನೋಡಿಕೊಂಡವಳು ಅಕ್ಕ. ಅಪ್ಪ ಹೋಗುವಾಗ ಮನೆಯನ್ನು ಮೂವರು ಮಕ್ಕಳ ಹೆಸರಿಗೂ ಸಮನಾಗಿ ಬರೆದುಹೋದ. ಆಗ ಅದರಲ್ಲಿ ಯಾರಿಗೂ ತಪ್ಪು ಕಾಣಲಿಲ್ಲ, ಅಕ್ಕನಿಗಂತೂ ಇಲ್ಲವೇ ಇಲ್ಲ. ತಮ್ಮ ವಿಮೆ ಏಜೆಂಟನಾಗಿ ಊರಿನ ಆಚೆ ತುದಿಯಲ್ಲಿ ಸ್ವಂತ ಫ್ಲ್ಯಾಟು ಕೊಂಡಿದ್ದ. ತಂಗಿಯ ಗಂಡನಿಗೆ ನೆಲದ ಟೈಲ್ಸಿನ ಅಂಗಡಿ. ತಮ್ಮ, ತಂಗಿ ಇಬ್ಬರೂ ಭಾನುವಾರ ಊಟಕ್ಕೆ ಬರುತ್ತಿದ್ದರು.

ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತ ತಮ್ಮ ಮನೆಯೆಲ್ಲ ಒಂದು ಸುತ್ತು ಹಾಕುತ್ತಿದ್ದ. ಕಿಟಕಿಯ ಚೌಕಟ್ಟಿನ ಮೇಲೆ ಬೆರಳೆಳೆದು ನೋಡುತ್ತಿದ್ದ. ಗೋಡೆಯ ಮೂಲೆಯನ್ನು ತಲೆ ಎತ್ತಿ ನೋಡುತ್ತಿದ್ದ.

"ಅಕ್ಕ, ನೀನಿರೋದಕ್ಕೆ ಮನೆ ನಿಂತಿದೆ. ಹೀಗೇ ನೋಡ್ಕೊಂಡು ಹೋಗು. ಬೆಲೆ ಬೀಳಬಾರದು."

"ಬೆಲೆ ಯಾವನಿಗೆ ಬೇಕೋ? ಸೋರದಿದ್ದರೆ ಸಾಕು."

"ಹಾಗಂದ್ರೆ ಹೇಗೆ? ಇದು ನಮ್ಮ ಮೂವರ ಆಸ್ತಿ."

ಹೊರಗೋಡೆಗೆ ಬಣ್ಣ ಹೊಡೆಸುವ ವರ್ಷ ಮಾತ್ರ ಆಸ್ತಿ ಒಬ್ಬಳದಾಗುತ್ತಿತ್ತು. ತಮ್ಮನಿಗೆ ಆ ವರ್ಷವೇ ಕಾರು ಕೊಳ್ಳಬೇಕಾಗಿರುತ್ತಿತ್ತು. ತಂಗಿ, "ಇವರನ್ನ ಕೇಳಬೇಕು ಅಕ್ಕ" ಎಂದು ಹೋದವಳು ಬಣ್ಣ ಒಣಗಿದ ಮೇಲೇ ಬರುತ್ತಿದ್ದಳು. ಅಕ್ಕ ಕೇಳುವುದನ್ನೇ ಬಿಟ್ಟಳು. ಬಚ್ಚಲಿನ ಬಾಗಿಲಿಗೆ ಗೆದ್ದಲು ಬಂದಾಗ ಚೌಕಟ್ಟು ಕಿತ್ತು ಹೊಸದು ಕೂರಿಸಿದಳು. ಅಡುಗೆಮನೆಯ ನೆಲ ಕುಸಿದಾಗ ಬಡ್ಡಿಗೆ ಸಾಲ ತಂದು ಅಗೆಸಿ ಕಲ್ಲು ಹಾಕಿಸಿದಳು. ಹಬ್ಬಕ್ಕೋ ಹುಟ್ಟುಹಬ್ಬಕ್ಕೋ ಹೊಸ ಸೀರೆ ಎಂಬುದು ಅವಳ ಮನೆಯಲ್ಲಿ ಇರಲಿಲ್ಲ. ಕೇಳಿದರೆ, "ನಾನೇನು ಸೋರ್ತೀನಾ?" ಎನ್ನುತ್ತಿದ್ದಳು.

ಆಸ್ಪತ್ರೆಯ ಔಷಧಿ ಕೌಂಟರಿನಲ್ಲಿ ಒಬ್ಬ ಇದ್ದ. ಹೆಂಡತಿ ತೀರಿಕೊಂಡವನು, ಮಾತು ಕಡಿಮೆ. ಮಧ್ಯಾಹ್ನದ ಊಟಕ್ಕೆ ಅವನು ಬಟ್ಟೆ ಕೋಣೆಯ ಬೆಂಚಿಗೆ ಬರಲು ಶುರುಮಾಡಿದಾಗ ಕೈಕೆಳಗಿನ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡಿದ್ದರು. ಅವನಿಗೆ ಬೇರೆ ಊರಿಗೆ ವರ್ಗವಾಯಿತು. ಹೋಗುವ ಮೊದಲು ಅಕ್ಕನನ್ನು ಕೇಳಿದ: "ನೀವೂ ಬಂದರೆ ನನಗೆ ಒಳ್ಳೇದಾಗುತ್ತೆ. ನಿಮಗೆ ಆಗುತ್ತೋ ಇಲ್ಲವೋ ನೀವೇ ಹೇಳಬೇಕು."

ಅಕ್ಕ ಆ ಭಾನುವಾರ ಮನೆಯಲ್ಲಿ ಮಾತು ತೆಗೆದಳು. ತಂಗಿಗೆ ಖುಷಿಯಾಯಿತು. ತಮ್ಮನೂ ಬೇಡ ಎನ್ನಲಿಲ್ಲ.

"ಹೋಗು ಅಕ್ಕ, ನಿನಗೂ ಒಂದು ಬಾಳು ಬೇಡವಾ? ಆದರೆ ಬೀಗ ಹಾಕಿದ ಮನೆ ಬೇಗ ಹಾಳಾಗುತ್ತೆ, ಅದು ನಿನಗೇ ಗೊತ್ತು. ಬಾಡಿಗೆಗೆ ಕೊಟ್ಟರೆ ಸಿಕ್ಕಲ್ಲೆಲ್ಲ ಮೊಳೆ ಹೊಡೀತಾರೆ. ಹೊರಗಿನ ಗಾರೆ ಬೇರೆ ಅರ್ಧ ಕಿತ್ತು ನಿಂತಿದೆ. ಅದೊಂದು ಮುಗಿಸಿ ಹೋಗು."

ನ್ಯಾಯವಾದ ಮಾತೇ ಅನ್ನಿಸಿತು. ಗಾರೆ ಮುಗಿಯಲಿ ಎಂದು ಅಕ್ಕ ಔಷಧಿ ಕೌಂಟರಿನವನಿಗೆ ಹೇಳಿದಳು. ಅವನು ಆ ಊರಿನಿಂದ ಫೋನು ಮಾಡಿ ಕೇಳುತ್ತಿದ್ದ, "ಗಾರೆ ಎಲ್ಲಿಗೆ ಬಂತು?" ಗಾರೆ ಮುಗಿಯಿತು. ಗಾರೆಯವರ ಮರದ ಅಟ್ಟಣೆ ತಗುಲಿ ಸಡಿಲವಾದ ಕಿಟಕಿಗಳನ್ನು ಸರಿ ಮಾಡಿಸಬೇಕಾಯಿತು. ಕಿಟಕಿ ಮುಗಿಯುವಷ್ಟರಲ್ಲಿ ಫೋನು ನಿಂತಿತ್ತು. ಅವನು ಅಲ್ಲಿಯೇ ಒಬ್ಬಳು ನರ್ಸನ್ನು ಮದುವೆಯಾದ ಸುದ್ದಿ ಆಸ್ಪತ್ರೆಗೆ ಬಂದಾಗ ಅಕ್ಕ ಹಾಸುಗಳನ್ನು ಮಡಿಸುತ್ತಿದ್ದಳು. ಮಡಿಸಿ ಮುಗಿಸಿದಳು.

ಪಕ್ಕದ ಮನೆಯ ಕಥೆಯೇ ಬೇರೆ. ಅಲ್ಲಿದ್ದವನು ಗಡಿಯಾರ ರಿಪೇರಿಯವನು. ಊರಿನವರ ಗಡಿಯಾರವೆಲ್ಲ ನಡೆಸಿ, ತಾನು ಮಾತ್ರ ಕೂತಲ್ಲಿಂದ ಕದಲದ ಆಸಾಮಿ. ಅವನ ಮನೆಯ ಗೋಡೆ ಸಂದಿಯಲ್ಲಿ ಗಿಡ ಹುಟ್ಟಿ, ಅದು ಗೇಣುದ್ದದಿಂದ ಮಾರುದ್ದವಾದರೂ ಕೀಳಲಿಲ್ಲ. ಮಳೆಗಾಲದಲ್ಲಿ ಒಳಗೆ ಕೊಡೆ ಹಿಡಿದು ಕೂರುತ್ತಾನೆಂದು ಬೀದಿಯವರು ನಗುತ್ತಿದ್ದರು. ಅಕ್ಕ ಕಾಂಪೌಂಡಿನ ಮೇಲಿಂದ ಬೈಯುತ್ತಿದ್ದಳು, "ಬೇರು ಒಳಗೆ ಇಳಿದರೆ ಗೋಡೆಯೇ ಸೀಳುತ್ತೆ. ಕಿತ್ತು ಬಿಸಾಕೋ ಮಾರಾಯ!" ಅವನು ಹಲ್ಲು ಬಿಡುತ್ತಿದ್ದ. ಆ ಮನೆಯಲ್ಲೂ ಅಣ್ಣತಮ್ಮಂದಿರ ಪಾಲಿತ್ತು. ಒಂದು ದಿನ ಅವರೆಲ್ಲ ಬಂದು, ಮೂಗು ಮುಚ್ಚಿಕೊಂಡು ಒಳಗೆಲ್ಲ ಓಡಾಡಿ, "ಈ ಪಾಳು ಯಾರಿಗೆ ಬೇಕು" ಎಂದು ತಮ್ಮ ಪಾಲನ್ನು ಅವನಿಗೇ ಚಿಲ್ಲರೆ ಕಾಸಿಗೆ ಬಿಟ್ಟುಹೋದರು. ಮರುವಾರವೇ ಕೆಲಸದವರು ಬಂದರು. ಗಿಡ ಹೋಯಿತು, ಸೂರು ಬಂತು, ಬಣ್ಣ ಬಂತು.

"ಈಗ ಬುದ್ಧಿ ಬಂತಾ?" ಎಂದು ಅಕ್ಕ ಕೇಳಿದ್ದಳು.

"ಬುದ್ಧಿ ಮೊದಲೇ ಇತ್ತು ಅಕ್ಕ. ಈಗ ಮನೆ ನನ್ನದಾಯ್ತು."

ಸೋಮಾರಿಯ ಉಡಾಫೆ ಮಾತು ಎಂದುಕೊಂಡು ಅಕ್ಕ ಒಳಗೆ ಹೋಗಿದ್ದಳು.

ಅಕ್ಕ ನಿವೃತ್ತಳಾದ ವರ್ಷವೇ ಬಸ್ ಡಿಪೋ ಊರ ಹೊರಗೆ ಹೋಯಿತು. ಆ ಜಾಗದಲ್ಲಿ ಅಂಗಡಿ ಸಾಲು ಎದ್ದಿತು, ರಸ್ತೆ ಅಗಲವಾಯಿತು. ಬೀದಿಗೆ ದಲ್ಲಾಳಿಗಳು ಕಾಲಿಟ್ಟರು. ಒಂದು ಭಾನುವಾರ ಊಟವಾದ ಮೇಲೆ ತಮ್ಮ ಮನೆ ಸುತ್ತು ಹಾಕಲಿಲ್ಲ, ಕುರ್ಚಿಯಲ್ಲೇ ಕೂತ.

"ಮನೆ ಮಾರೋಣ ಅಂತ ಅಕ್ಕ. ಬೆಲೆ ಇದ್ದಾಗಲೇ ಮಾರಬೇಕು. ನಿನಗೂ ವಯಸ್ಸಾಯ್ತು, ಇನ್ನೆಷ್ಟು ದಿನ ಏಣಿ ಹತ್ತುತ್ತೀಯಾ?"

ತಂಗಿ ಸೆರಗಿನ ಅಂಚನ್ನು ಸುರುಳಿ ಸುತ್ತುತ್ತ, "ಇವರಿಗೂ ಅಂಗಡಿ ದೊಡ್ಡದು ಮಾಡಬೇಕಂತೆ" ಎಂದಳು.

ಅಕ್ಕನಿಗೆ ಗಾಬರಿಯಾಗಲಿಲ್ಲ. ಈ ದಿನ ಬರುತ್ತದೆಂದು ಅವಳಿಗೆ ಗೊತ್ತಿತ್ತು, ಉತ್ತರವನ್ನೂ ಯೋಚಿಸಿಟ್ಟಿದ್ದಳು. "ಹೊರಗಿನವರಿಗೆ ಯಾಕೆ? ನಾನೇ ತಗೋತೀನಿ. ಇಡುಗಂಟು ಬಂದಿದೆ. ನಿಮ್ಮಿಬ್ಬರ ಪಾಲು ಕೊಟ್ಟುಬಿಡ್ತೀನಿ."

"ಅದಕ್ಕಿಂತ ಸಂತೋಷ ಇನ್ನೇನಿದೆ!" ಎಂದ ತಮ್ಮ. "ಬೆಲೆ ಕಟ್ಟಿಸೋಣ. ಮನೆಯವರೊಳಗೆ ಅನ್ಯಾಯ ಆಗಬಾರದು ನೋಡು."

ಬೆಲೆ ಕಟ್ಟುವವನು ಬಂದ ದಿನ ಅಕ್ಕ ಬೆಳಿಗ್ಗೆಯೇ ನೆಲ ಒರೆಸಿ, ಕಿಟಕಿ ಗಾಜು ಉಜ್ಜಿ ಕಾದಿದ್ದಳು. ಅವನು ಡಾಕ್ಟರು ರೋಗಿಯ ಎದೆ ಬಡಿದು ನೋಡುವಂತೆ ಗೋಡೆಗೆ ಗೆಣ್ಣು ಬಡಿದು ಕಿವಿಗೊಡುತ್ತಿದ್ದ. ಅವಳು ಅವನ ಹಿಂದೆಯೇ ತಿರುಗಿದಳು. ಪ್ರತಿ ಕಿಟಕಿಯನ್ನೂ ತೆರೆದು ಮುಚ್ಚಿ, ಒಂದೂ ಕಿರ್ರೆನ್ನುವುದಿಲ್ಲವೆಂದು ತೋರಿಸಿದಳು. ಗೆದ್ದಲಿಗೆ ಮದ್ದು ಹಾಕಿಸಿದ್ದನ್ನು ಹೇಳಿದಳು. ಅಡುಗೆಮನೆಯ ಕಲ್ಲಿನ ಕೆಳಗೆ ಎಷ್ಟು ಗಟ್ಟಿಯಾಗಿ ಜಲ್ಲಿ ಹಾಕಿಸಿದ್ದೇನೆಂದು ಹೇಳಿದಳು. ಅವನನ್ನು ತಾರಸಿಗೆ ಹತ್ತಿಸಿ, ಕೊಡದಲ್ಲಿ ನೀರು ಸುರಿದು, "ನೋಡಿ, ಒಂದು ತೊಟ್ಟು ನಿಲ್ಲಲ್ಲ" ಎಂದಳು. ಇಷ್ಟು ವರ್ಷ ಯಾರೂ ಕೇಳಿರಲಿಲ್ಲ. ಕೇಳುವ ಒಬ್ಬ ಸಿಕ್ಕಿದ ಖುಷಿಯಲ್ಲಿ ತನ್ನ ಕೊರಳಿಗೆ ತಾನೇ ಹಗ್ಗ ಅಳೆದು ಕೊಡುತ್ತಿದ್ದೇನೆಂಬುದು ಅವಳಿಗೆ ಹೊಳೆಯಲಿಲ್ಲ.

"ಇಷ್ಟು ಹಳೇ ಮನೆ ಇಷ್ಟು ಚೆನ್ನಾಗಿರೋದನ್ನ ನಾನು ನೋಡೇ ಇಲ್ಲಮ್ಮ" ಎಂದ ಅವನು. "ಕಟ್ಟಡಕ್ಕೆ ಒಂದು ರೂಪಾಯಿನೂ ಕಡಿಮೆ ಮಾಡೋ ಹಾಗಿಲ್ಲ."

ಅವಳು ಅವನಿಗೆ ಟೀ ಮಾಡಿಕೊಟ್ಟಳು.

ಅವನು ಹೇಳಿದ ಬೆಲೆ ಕೇಳಿದಾಗ ಅಕ್ಕ ಮೊದಲು ತಪ್ಪು ಕೇಳಿಸಿತೆಂದುಕೊಂಡಳು. ಇಡುಗಂಟು, ಉಳಿತಾಯ, ಕಿವಿಯೋಲೆ ಎಲ್ಲ ಸೇರಿಸಿದರೂ ಒಬ್ಬರ ಪಾಲಿಗೂ ಸಾಲದು. ನಿವೃತ್ತಳಾದವಳಿಗೆ ಬ್ಯಾಂಕಿನವರು ಸಾಲ ಕೊಡುವುದಿಲ್ಲವೆಂದರು. ಜೀವಮಾನದಲ್ಲಿ ಮೊದಲ ಸಲ ಅವಳು ತಮ್ಮನ ಮುಂದೆ ಕೈಚಾಚಿದಳು.

"ಸೂರು, ಗಾರೆ, ಬಾಗಿಲು, ನೆಲ, ಎಲ್ಲ ನಾನೇ ಮಾಡಿಸಿದ್ದು. ಅದನ್ನಾದರೂ ಕಳೀರೋ."

"ರಸೀದಿ ಇದೆಯಾ?"

"ಅಪ್ಪನ ಮನೆಗೆ ಯಾರಾದರೂ ರಸೀದಿ ಇಡ್ತಾರೇನೋ?"

ತಮ್ಮ ದನಿ ಏರಿಸಲಿಲ್ಲ. ಅವನು ಎಂದೂ ದನಿ ಏರಿಸುವವನಲ್ಲ. "ಅಕ್ಕ, ತಪ್ಪು ತಿಳೀಬೇಡ. ಇಷ್ಟು ವರ್ಷ ನೀನು ಇಲ್ಲಿ ಬಾಡಿಗೆ ಇಲ್ಲದೆ ಇದ್ದೆ. ನಾವು ಯಾವತ್ತಾದರೂ ಕೇಳಿದ್ವಾ? ಅದಕ್ಕೂ ಇದಕ್ಕೂ ಸರಿಹೋಯ್ತು ಅಂದುಕೋ."

ಅಕ್ಕ ತಂಗಿಯ ಕಡೆ ನೋಡಿದಳು. ತಂಗಿ ನೆಲ ನೋಡಿದಳು. ನೆಲ ಹೊಳೆಯುತ್ತಿತ್ತು.

ಕೊನೆಗೆ ತಮ್ಮ ಒಂದು ಗಡುವು ಕೊಟ್ಟ. ಹಲ್ಲಿನ ಡಾಕ್ಟರೊಬ್ಬರಿಗೆ ಕ್ಲಿನಿಕ್ಕಿಗೆ ಮನೆ ಬೇಕಂತೆ, ಮಳೆಗಾಲ ಕಳೆದ ಮೇಲೆ ಬಂದು ನೋಡುತ್ತಾರಂತೆ. ಆಗ ಮತ್ತೊಮ್ಮೆ ಬೆಲೆ ಕಟ್ಟಿಸೋಣ, ಆ ಬೆಲೆಗೆ ನಿನ್ನ ಕೈಲಿ ಆದರೆ ಮನೆ ನಿನಗೇ, ಎಂದ.

ಅಂದು ಸಂಜೆ ಅಕ್ಕ ಜಗಲಿಯಲ್ಲಿ ಕೂತಿದ್ದಾಗ ಗಡಿಯಾರದವನು ಕಾಂಪೌಂಡಿಗೆ ಮೊಣಕೈ ಊರಿ ನಿಂತ. ವಿಷಯ ಅವನಿಗೆ ಗೊತ್ತಾಗಿತ್ತು.

"ಅಕ್ಕ, ಬೇಜಾರು ಮಾಡ್ಕೋಬೇಡಿ, ಒಂದು ಮಾತು. ಏಣಿ ಹತ್ತುತ್ತೀರಲ್ಲ ವರ್ಷ ವರ್ಷ? ಈ ಸಲ ಕಾಲು ನೋವು ಅಂತ ಸುಮ್ಮನೆ ಕೂತುಬಿಡಿ."

"ಏನಂದೆ?"

"ನನ್ನ ಮನೆಯನ್ನ ನನಗೆ ಕೊಡಿಸಿದ್ದು ಮಳೆ ಅಕ್ಕ. ನಿಮ್ಮದನ್ನ ನಿಮ್ಮಿಂದ ಕಿತ್ಕೊಳ್ತಿರೋದು ನಿಮ್ಮ ಪೊರಕೆ."

ಅವಳು ಅವನಿಗೆ ಬಾಯಿಗೆ ಬಂದಂತೆ ಬೈದು ಒಳಗೆ ಹೋದಳು. ಆದರೆ ಮಾತು ಹುಣ್ಣಿನೊಳಗಿನ ಮುಳ್ಳಿನಂತೆ ಉಳಿಯಿತು.

ಬಿಸಿಲು ಇಳಿಯಿತು, ಮೋಡ ಕಟ್ಟಿತು. ಆ ವರ್ಷ ಏಣಿ ಹಿತ್ತಲಲ್ಲೇ ಮಲಗಿತ್ತು. ಬೀದಿಯವರು ಕೇಳಿದರೆ ಅಕ್ಕ ಮೊಣಕಾಲು ತೋರಿಸುತ್ತಿದ್ದಳು. ಮೊದಲ ಮಳೆಗೆ ಏನೂ ಆಗಲಿಲ್ಲ. ಆಮೇಲೆ ಬಿಡದೆ ಹೊಯ್ದ ವಾರದಲ್ಲಿ ಕೊಳವೆಯಿಂದ ನೀರು ಇಳಿಯುವ ಸದ್ದು ಸಣ್ಣದಾಗುತ್ತ ಆಗುತ್ತ ನಿಂತೇಹೋಯಿತು. ತಾರಸಿಯಲ್ಲಿ ನೀರು ಕೆರೆಯಂತೆ ನಿಂತಿದೆಯೆಂದು ಅವಳಿಗೆ ಕೆಳಗೆ ಕೂತೇ ಗೊತ್ತಿತ್ತು. ಎರಡು ಸಲ ಎದ್ದು ಹಿತ್ತಲಿನ ಬಾಗಿಲ ತನಕ ಹೋದಳು. ಎರಡು ಸಲವೂ ಅಗುಳಿಯ ಮೇಲೆ ಕೈಯಿಟ್ಟು ವಾಪಸು ಬಂದಳು. ಸರಳು ಹಿಡಿದು ಒಮ್ಮೆ ತಿವಿದರೆ ಮುಗಿಯುವ ಕೆಲಸ. ಮೈಯೆಲ್ಲ ತುರಿಕೆಯಾದರೂ ಕೆರೆದುಕೊಳ್ಳಬಾರದೆಂದು ಕೂತವಳಂತೆ ಕೂತಿದ್ದಳು.

ಮೊದಲು ಅಪ್ಪ ಮಲಗುತ್ತಿದ್ದ ಕೋಣೆಯ ಛಾವಣಿಯಲ್ಲಿ ಅಂಗೈ ಅಗಲದ ಕಪ್ಪು ಬಂತು. ಅದು ತಟ್ಟೆಯಷ್ಟಾಯಿತು. ಆಮೇಲೆ ಸುಣ್ಣ ಉಬ್ಬಿ, ಒಡೆದು, ಹಾಸಿಗೆಯ ಮೇಲೆ ಉದುರಿತು. ಹನಿ ಬೀಳತೊಡಗಿತು. ಅಕ್ಕ ಕೆಳಗೆ ಪಾತ್ರೆ ಇಡಲಿಲ್ಲ. ನೆಲದ ಮೇಲೆ ಬೀಳುವ ಹನಿಯನ್ನು ನೋಡುತ್ತ, ಮನೆ ತನಗೆ ಸ್ವಲ್ಪ ಸ್ವಲ್ಪವೇ ಸಿಗುತ್ತಿದೆ ಎಂದುಕೊಂಡಳು. ಹಾಗೆ ಅಂದುಕೊಂಡು ಅತ್ತಳು.

ಮಳೆ ಬಿಟ್ಟ ದಿನ ತಮ್ಮನಿಗೆ ಫೋನು ಮಾಡಿದಳು. "ಮನೆ ಸೋರ್ತಿದೆ ಕಣೋ. ಹಳೇ ಮನೆ. ಬೆಲೆ ಮತ್ತೆ ಕಟ್ಟಿಸು."

ತಮ್ಮ ತಂಗಿಯನ್ನೂ ಕರೆದುಕೊಂಡು ಬಂದ. ಕೋಣೆಯಲ್ಲಿ ನಿಂತು ಛಾವಣಿ ನೋಡಿದ. ಅಕ್ಕನ ಮುಖ ನೋಡಿದ. ಹಿತ್ತಲಿಗೆ ಹೋಗಿ ಏಣಿ ಎತ್ತಿ ಗೋಡೆಗೆ ಒರಗಿಸಿದ. ಹುಟ್ಟಿದಾಗಿನಿಂದ ಅವನು ಆ ಏಣಿ ಹತ್ತಿದ್ದು ಅದೇ ಮೊದಲು. ಮೇಲೆ ಅವನು ಪ್ಯಾಂಟು ಮಡಿಸಿಕೊಂಡು ನೀರಿನಲ್ಲಿ ನಡೆಯುವ ಸದ್ದು ಕೆಳಗೆ ಕೇಳಿಸಿತು. ಆಮೇಲೆ ಕೊಳವೆಯಲ್ಲಿ ನೀರು ಭೋರೆಂದು ಇಳಿಯಿತು.

ಅವನು ಇಳಿದು ಬಂದು, ಒಂದು ಹಿಡಿ ಕೊಳೆತ ಎಲೆಯನ್ನು ಅಕ್ಕನ ಮುಂದೆ ಮೇಜಿನ ಮೇಲೆ ಇಟ್ಟ.

"ಇದು ಸೋರಿದ್ದಲ್ಲ ಅಕ್ಕ. ಸೋರಿಸಿದ್ದು."

"ಕಾಲು ನೋವಿತ್ತು" ಎಂದಳು ಅಕ್ಕ. ಅವಳ ದನಿ ಅವಳಿಗೇ ಬೇರೆಯವರದೆನ್ನಿಸಿತು.

"ಒಂದು ಫೋನು ಮಾಡಿದ್ರೆ ಆಗ್ತಿರಲಿಲ್ವಾ?"

"ಅಕ್ಕ, ನೀನಾ?" ಎಂದಳು ತಂಗಿ. ಅವಳಿಗೆ ನಿಜಕ್ಕೂ ಆಘಾತವಾಗಿತ್ತು. "ನೀನು ಹೀಗೆ ಮಾಡ್ತೀಯಾ?"

ಅಷ್ಟು ವರ್ಷ ಬಣ್ಣಕ್ಕೂ ಬಾಗಿಲಿಗೂ ಒಂದು ಬಿಡಿಗಾಸು ಬಿಚ್ಚದವರು ಎದುರಿಗೆ ನಿಂತಿದ್ದರು. ಅವರ ಮುಖದಲ್ಲಿ ಮೋಸಹೋದವರ ನೋವು. ಅಕ್ಕನ ಹತ್ತಿರ ಹೇಳಲು ಎಷ್ಟೋ ಮಾತಿತ್ತು. ಆದರೆ ಮೇಜಿನ ಮೇಲೆ ಎಲೆಯಿತ್ತು. ಕಳ್ಳಿಯಂತೆ ತಲೆ ತಗ್ಗಿಸಿದಳು. ಅವರಿಗೆ ಅಷ್ಟು ಸಾಕಾಯಿತು.

"ರಿಪೇರಿ ಖರ್ಚನ್ನ ನಿನ್ನ ಪಾಲಿನಲ್ಲಿ ಮುರ್ಕೊಳ್ತೀವಿ" ಎಂದ ತಮ್ಮ, ಬಾಗಿಲಲ್ಲಿ ಕಾಲು ಒರೆಸಿಕೊಳ್ಳುತ್ತ. "ಅದು ನ್ಯಾಯ."

ಗಾರೆಯವನು ಬಂದು ಛಾವಣಿ ಕೆರೆದು ಮತ್ತೆ ಹಚ್ಚಿದ. ಅಕ್ಕ ಕೆಳಗೆ ನಿಂತು ಎಲ್ಲಿ ಒರಟು ಉಳಿಯಿತೆಂದು ಬೆರಳು ತೋರಿಸಿದಳು. ತನ್ನದಲ್ಲದ ಮನೆಗೆ, ತನ್ನ ಪಾಲಿನ ಹಣದಲ್ಲಿ, ಕಲೆ ಬಿಟ್ಟುಹೋಗಲು ಅವಳಿಂದಾಗಲಿಲ್ಲ. ಹಲ್ಲಿನ ಡಾಕ್ಟರು ಬಂದು ನೋಡಿ, ಹೇಳಿದ ಬೆಲೆಗೆ ಚೌಕಾಸಿಯಿಲ್ಲದೆ ಒಪ್ಪಿದರು. ಕಾಗದಕ್ಕೆ ಸಹಿ ಹಾಕುವ ದಿನ ತಮ್ಮ, "ನಮ್ಮಕ್ಕ ಮನೆಯನ್ನ ಮಗು ಥರ ನೋಡ್ಕೊಂಡಿದ್ದಾರೆ" ಎಂದು ಡಾಕ್ಟರಿಗೆ ಹೇಳಿದ. ವ್ಯಾಪಾರದ ಮಾತು ಅವನ ಬಾಯಲ್ಲಿ ಯಾವಾಗಲೂ ಸಿಹಿ.

ಅಕ್ಕ ಸೈಕಲ್ ಅಂಗಡಿಯೊಂದರ ಮೇಲಿನ ಎರಡು ಕೋಣೆಗೆ ಬಾಡಿಗೆಗೆ ಹೋದಳು. ಕೆಳಗೆ ಇಡೀ ದಿನ ಚಕ್ರಕ್ಕೆ ಸುತ್ತಿಗೆ ಬಡಿಯುವ ಸದ್ದು. ಬಚ್ಚಲಿನ ನಲ್ಲಿ ತೊಟ್ಟಿಕ್ಕುತ್ತಿತ್ತು. ಕಿಟಕಿಯ ಒಂದು ರೆಕ್ಕೆಗೆ ಚಿಲಕವಿರಲಿಲ್ಲ, ಅದಕ್ಕೆ ಬಟ್ಟೆಯ ತುಂಡೊಂದನ್ನು ಕಟ್ಟಿದ್ದರು. ಮಾಲೀಕ, "ಏನಾದರೂ ಮಾಡಿಸಬೇಕು ಅಂದ್ರೆ ನೀವೇ ಮಾಡಿಸ್ಕೊಳ್ಳಿ" ಎಂದ. ಅವಳು "ಏನೂ ಬೇಡ" ಎಂದಳು. ಹಳೆಯ ಬೀದಿಯ ಕಡೆ ಮತ್ತೆ ಹೋಗಲಿಲ್ಲ. ಮಾರ್ಕೆಟ್ಟಿಗೆ ಅದೇ ಹತ್ತಿರದ ದಾರಿಯಾದರೂ ಸುತ್ತು ಹಾಕಿ ಹೋಗುತ್ತಿದ್ದಳು. ಭಾನುವಾರದ ಊಟ ತಾನಾಗಿಯೇ ನಿಂತಿತು, ಯಾರೂ ಯಾರನ್ನೂ ಕರೆಯಲಿಲ್ಲ.

ಆ ಚಳಿಗಾಲ ಕಳೆದ ಮೇಲೆ ತಂಗಿ ಒಮ್ಮೆ ಬಂದಳು. ಹಣ್ಣಿನ ಚೀಲ ಹಿಡಿದು, ಏದುಸಿರು ಬಿಡುತ್ತ ಮೇಲೆ ಹತ್ತಿ, ಮಂಚದ ತುದಿಗೆ ಕೂತಳು. ಅಂಗಡಿ ದೊಡ್ಡದಾದ ಸುದ್ದಿ, ತಮ್ಮನ ಸಕ್ಕರೆ ಕಾಯಿಲೆ ಸುದ್ದಿ ಎಲ್ಲ ಹೇಳಿದಳು. ಅಕ್ಕ ಟೀ ಮಾಡಿದಳು.

"ಅಕ್ಕ, ನಮ್ಮ ಅಡುಗೆಮನೆ ಗೋಡೆ ಕೆಳಗಿಂದ ಒದ್ದೆ ಆಗ್ತಾ ಬರ್ತಿದೆ. ಬಣ್ಣ ಹೊಡೆದರೂ ಎದ್ದು ಬರುತ್ತೆ. ಇವರು ಅದರ ಮೇಲೆ ಟೈಲ್ಸ್ ಅಂಟಿಸೋಣ ಅಂತಾರೆ. ಏನು ಮಾಡೋದು? ನಿನಗೆ ಗೊತ್ತಿರುತ್ತಲ್ಲ."

ಅಕ್ಕನಿಗೆ ಗೊತ್ತಿತ್ತು. ಟೈಲ್ಸ್ ಅಂಟಿಸಿದರೆ ತೇವ ಒಳಗೇ ಉಳಿದು, ಗೋಡೆ ಬೆಂದ ಗೆಣಸಿನಂತಾಗುತ್ತದೆಂದು ಗೊತ್ತಿತ್ತು. ಯಾವ ಕೊಳವೆ ನೋಡಬೇಕು, ಯಾರನ್ನು ಕರೆಸಬೇಕು ಎಂಬುದೂ ಗೊತ್ತಿತ್ತು. ಅವಳು ಟೀ ಸೋಸಿದಳು.

"ಗೊತ್ತಿಲ್ಲ" ಎಂದಳು.

ಕೆಳಗೆ ಸುತ್ತಿಗೆಯ ಸದ್ದು ನಿಂತು ಮತ್ತೆ ಶುರುವಾಯಿತು.

"ಇನ್ನೂ ಕೋಪ ಇದೆಯಾ ಅಕ್ಕ?"

"ಇದೆ. ಟೀ ಕುಡಿ, ಆರಿಹೋಗುತ್ತೆ."

ತಂಗಿ ಕಣ್ಣು ಒರೆಸಿಕೊಂಡು ಟೀ ಕುಡಿದಳು. ಲೋಟವನ್ನು ತಾನೇ ತೊಳೆದಿಟ್ಟಳು. ಹೋಗುವಾಗ ಅಕ್ಕನ ಕೈ ಹಿಡಿಯಲು ನೋಡಿದಳು. ಅಕ್ಕ ಆ ಕೈಗೆ ಖಾಲಿ ಚೀಲ ಕೊಟ್ಟಳು, ಹಣ್ಣನ್ನು ಮಾತ್ರ ಇಟ್ಟುಕೊಂಡಳು.

"ಮೆಟ್ಟಿಲು ಸಡಿಲ ಇದೆ, ನೋಡ್ಕೊಂಡು ಇಳಿ" ಎಂದು ಹೇಳಿ, ತಂಗಿ ಇಳಿದು ಮುಗಿಸುವ ಮೊದಲೇ ಬಾಗಿಲು ಹಾಕಿಕೊಂಡಳು.